ಹಿಪ್ಪುನೇರಳೆ ತೋಟದಲ್ಲಿ ಕೇಳಿದ ಪ್ರಶ್ನೆ

ನಮ್ಮ ಮನಃಶಾಸ್ತ್ರದ ಲ್ಯಾಬಿನಲ್ಲಿ ಸಂಶೋಧನಾ ಸಹಾಯಕರಿಗೆ ಕಲಿಸುವ ಮೊದಲ ಪಾಠ ಮುಖವನ್ನು ಸುಮ್ಮನೆ ಇಟ್ಟುಕೊಳ್ಳುವುದು. ಎದುರಿಗಿದ್ದವರು ಏನೇ ಹೇಳಲಿ, ಅಯ್ಯೋ ಅನ್ನಬಾರದು, ಪಾಪ ಅನ್ನಬಾರದು. ಪ್ರಶ್ನೆಯನ್ನು ಬರೆದಿದ್ದಂತೆಯೇ ಓದಬೇಕು. ಚಿಕ್ಕಂದಿನಿಂದ ಬಾಯಿಬಡುಕಿ ಎಂದು ಹೆಸರಾದ ನನಗೆ ಇದು ಒಗ್ಗುವುದಕ್ಕೆ ಸಾಕುಬೇಕಾಯಿತು. ಕೇಳಿಸಿಕೊಳ್ಳುವ ಕೆಲಸಕ್ಕೆ ಸೇರಿದ್ದೇನೆ ಎಂದಾಗ ನಮ್ಮಮ್ಮ, "ಸಂಬಳ ಕೊಟ್ಟು ನಿನ್ನ ಸುಮ್ನಿರ್ಸೋರು ಸಿಕ್ಕಿದ್ರಲ್ಲ, ಪುಣ್ಯಾತ್ಮರು" ಎಂದಿದ್ದಳು.

ಲ್ಯಾಬ್ ಇರುವುದು ಬೆಂಗಳೂರಿನಲ್ಲಿ. ಹೆರಿಗೆಯಾದ ಹೆಂಗಸರ ಮನಸ್ಸಿನ ಸ್ಥಿತಿಯ ಬಗ್ಗೆ ಒಂದು ಅಧ್ಯಯನ ನಡೆಯುತ್ತಿತ್ತು, ಅದಕ್ಕಾಗಿ ನನ್ನನ್ನು ದೇವನಹಳ್ಳಿ ಕಡೆಗೆ ಹಾಕಿದ್ದರು. ನಮ್ಮ ಮನೋವೈದ್ಯರು ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಬುಧವಾರ ಮಾತ್ರ ಕೂರುತ್ತಿದ್ದರು. ನಾನು ಮಾತ್ರ ವಾರವಿಡೀ ಟ್ಯಾಬ್ ಹಿಡಿದು ಊರೂರು ಸುತ್ತುತ್ತಿದ್ದೆ. ಬಾಣಂತಿಯನ್ನು ಒಬ್ಬಳನ್ನೇ, ಶಾಂತವಾದ ಕೋಣೆಯಲ್ಲಿ, ಕೂರಿಸಿ ಕೇಳಬೇಕು ಎಂಬುದು ನಿಯಮ. ಆ ನಿಯಮ ಬರೆದವರು ಹಳ್ಳಿಯ ಮನೆಯಲ್ಲಿ ಶಾಂತವಾದ ಕೋಣೆ ಹುಡುಕಿದವರಲ್ಲ.

ನಲ್ಲೂರಿನ ಹುಣಸೆ ತೋಪು ದಾಟಿ ಮುಂದೆ ಹೋದರೆ ಸಿಗುವ ಒಂದು ಊರಿನಲ್ಲಿ, ರೇಷ್ಮೆ ಹುಳು ಸಾಕುವ ಮನೆಯೊಂದಿತ್ತು. ಆ ಮನೆಯ ಸೊಸೆಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು, ಕೈಗೂಸಿನ ತಾಯಿ. ಗಂಡ ವಿಮಾನ ನಿಲ್ದಾಣದ ಹತ್ತಿರದ ಗೋದಾಮಿನಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದ. ಮನೆಯ ಯಜಮಾನಿಕೆಯೆಲ್ಲ ಅತ್ತೆಯದು. ನಾನು ಎರಡು ಸಲ ಹೋದಾಗಲೂ ಹುಳು ಮನೆಯ ಪಕ್ಕದ ಜಗಲಿಯಲ್ಲಿ ಕೂರಿಸಿದ್ದರು, ಎರಡು ಸಲವೂ ಆ ಹುಡುಗಿ ಎಲ್ಲ ಪ್ರಶ್ನೆಗೂ "ಇಲ್ಲ" ಎಂದೇ ಉತ್ತರ ಕೊಟ್ಟಿದ್ದಳು. ನಿದ್ದೆ ಬರುವುದಿಲ್ಲವೇ? ಇಲ್ಲ, ಬರುತ್ತೆ. ಅಳು ಬರುತ್ತದೆಯೇ? ಇಲ್ಲ. ಬೇಸರ? ಇಲ್ಲ ಅಕ್ಕ, ಚೆನ್ನಾಗಿದೀನಿ.

ಟ್ಯಾಬಿನ ಲೆಕ್ಕದಲ್ಲಿ ಅವಳಷ್ಟು ಸುಖವಾಗಿರುವವರು ತಾಲ್ಲೂಕಿನಲ್ಲೇ ಇರಲಿಲ್ಲ. ಆದರೆ ಮಗು ಅತ್ತಾಗ ಅವಳು ಅದರ ಕಡೆ ನೋಡುತ್ತಿದ್ದ ರೀತಿ ನನಗೆ ಸರಿಬರಲಿಲ್ಲ. ಯಾರೋ ತಮ್ಮ ಕೂಸನ್ನು ಇಲ್ಲಿ ಮಲಗಿಸಿ ಅಂಗಡಿಗೆ ಹೋಗಿದ್ದಾರೆ, ಬಂದು ಎತ್ತಿಕೊಳ್ಳಲಿ ಎಂಬಂತಿತ್ತು ಆ ನೋಟ. ಅವಳು ಸುಳ್ಳು ಹೇಳುತ್ತಿದ್ದಾಳೆ ಎಂದು ನನಗೆ ಗ್ಯಾರಂಟಿಯಾಗಿತ್ತು, ಯಾಕೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಬಿಡುವ ಮನಸ್ಸೂ ಇರಲಿಲ್ಲ. ನನ್ನದು ಉಡದ ಹಿಡಿತ.

ವಾಪಸು ಬಸ್ಸಿನಲ್ಲಿ ಬರುವಾಗ ಹೊಳೆಯಿತು. ನಂದಗುಡಿ ಕಡೆಯ ನಮ್ಮ ಮನೆಯಲ್ಲೂ ನಾನು ಹೈಸ್ಕೂಲು ಮುಗಿಸುವವರೆಗೆ ಹುಳು ಮೇಯಿಸುತ್ತಿದ್ದರು. ಹುಳು ಮನೆಯಲ್ಲಿದ್ದಷ್ಟು ದಿನ ಅಲ್ಲಿ ಕಾಯಿಲೆಯ ಮಾತು, ಸಾವಿನ ಮಾತು ಆಡುವಂತಿಲ್ಲ. ಆಡಿದರೆ ಬೆಳೆ ಕೈಕೊಡುತ್ತದೆ. ನಮ್ಮಜ್ಜಿಯಂತೂ ಕೆಮ್ಮಿದರೂ ಹೊರಗೆ ಹೋಗಿ ಕೆಮ್ಮು ಅನ್ನುತ್ತಿದ್ದರು. ಅಂಥ ಮನೆಯ ಜಗಲಿಯಲ್ಲಿ ಕೂತು, ಗೋಡೆಯಾಚೆ ಹುಳು ಸೊಪ್ಪು ತಿನ್ನುತ್ತಿರುವಾಗ, "ಸಾಯಬೇಕೆಂದು ತಮಗೆ ಅನ್ನಿಸಿದೆಯೇ" ಎಂದು ಕೇಳಿದರೆ ಯಾವ ಸೊಸೆ ಹೌದು ಅನ್ನುತ್ತಾಳೆ? ಹೌದು ಅಂದ ಮೇಲೆ ಬೆಳೆ ಕೆಟ್ಟರೆ ಆ ಮಾತು ಅವಳ ತಲೆಗೇ ಬರುತ್ತದೆ. ಹುಳುವಿನ ಮನೆಯಲ್ಲಿ ಬೆಳೆದವಳು ನಾನು, ನನಗೇ ಇದು ಮರೆತುಹೋಗಿತ್ತಲ್ಲ ಎಂದು ಸಿಟ್ಟು ಬಂತು.

ಮುಂದಿನ ಬುಧವಾರ ಬೆಳಿಗ್ಗೆ ಮತ್ತೆ ಹೋದೆ. ಹುಡುಗಿ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದಳು. "ನಾನೂ ಹೋಗಿ ಬರ್ತೀನಮ್ಮ, ಅಲ್ಲೇ ಮಾತಾಡಿಸ್ತೀನಿ" ಎಂದು ಅತ್ತೆಗೆ ಹೇಳಿ, ಅವರು ಏನಾದರೂ ಅನ್ನುವ ಮೊದಲೇ ಹೊರಟೆ.

ತೋಟದಲ್ಲಿ ಆಳೆತ್ತರದ ಹಿಪ್ಪುನೇರಳೆ ಗಿಡಗಳ ಸಾಲಿನ ನಡುವೆ ಅವಳು ಬಗ್ಗಿ ಕಡ್ಡಿ ಕೊಯ್ಯುತ್ತಿದ್ದಳು. ಟ್ಯಾಬನ್ನು ಚೀಲದಲ್ಲೇ ಬಿಟ್ಟೆ. ಜೊತೆಗೆ ನಾನೂ ಸೊಪ್ಪು ಜೋಡಿಸಿ ಹೊರೆ ಮಾಡುತ್ತ, "ಇಲ್ಲಿ ಹುಳ ಇಲ್ಲ ಕಣಮ್ಮ. ಇಲ್ಲಿ ಏನ್ ಬೇಕಾದ್ರೂ ಹೇಳ್ಬೋದು" ಎಂದೆ. ಅವಳು ಕುಡುಗೋಲು ನಿಲ್ಲಿಸಿ ನನ್ನನ್ನು ನೋಡಿದಳು. ಬರೆದಿದ್ದ ಪ್ರಶ್ನೆಯಲ್ಲಿ "ತಮಗೆ" ಇತ್ತು. ನಾನು ಅದನ್ನು ತೆಗೆದು, ನಮ್ಮ ಮಾತಿನಲ್ಲಿ, ಸುತ್ತಿ ಬಳಸದೆ ಕೇಳಿದೆ.

"ಸಾಯ್ಬೇಕು ಅಂತ ಅನ್ಸುತ್ತಾ?"

"ಹೂಂ ಅಕ್ಕ" ಎಂದಳು. ಕೈಯಲ್ಲಿದ್ದ ಕಡ್ಡಿಯನ್ನು ಹೊರೆಗೆ ಸೇರಿಸಿ, "ದಿನಾ ಅನ್ಸುತ್ತೆ. ಯಾಕೆ ಅಂತ ಗೊತ್ತಿಲ್ಲ. ಯಾರೂ ಏನೂ ಅಂದಿಲ್ಲ ನನ್ಗೆ."

ಮುಖ ಸುಮ್ಮನಿಟ್ಟುಕೊಳ್ಳುವ ಪಾಠ ಅವತ್ತು ನನಗೆ ನೆನಪಾಗಲಿಲ್ಲ. ಅವಳ ಕೈ ಹಿಡಿದುಕೊಂಡೆ. ಹೆರಿಗೆಯಾದ ಮೇಲೆ ಹೀಗೆ ತುಂಬ ಜನಕ್ಕೆ ಆಗುತ್ತದೆ, ಇದು ಅವಳ ತಪ್ಪಲ್ಲ, ವಾಸಿಯಾಗುತ್ತದೆ ಎಂದೆ. "ಇವತ್ತು ಡಾಕ್ಟರು ಇದಾರೆ, ಸಂಜೆ ನಾಲ್ಕರವರೆಗೆ. ಹೋಗ್ತೀಯಾ?" ಎಂದು ಕೇಳಿದೆ. "ಹೋಗ್ತೀನಿ. ಆದ್ರೆ ಸೊಪ್ಪು ಹಾಕೋರ್ಯಾರು?" ಎಂದಳು. ಅವಳಿಗೆ ಹೋಗುವ ಮನಸ್ಸಿದೆ ಎಂದು ಗೊತ್ತಾದ ಮೇಲೆ ಉಳಿದದ್ದು ನನ್ನ ಕೆಲಸ ಎಂದುಕೊಂಡೆ.

ಅವಳನ್ನು ಜೊತೆಗೇ ಕರೆದುಕೊಂಡು ಬಂದು, ಮನೆಯ ಅಂಗಳದಲ್ಲಿ ಅತ್ತೆಗೆ ಹೇಳಿದೆ. "ಅವಳು ನನಗೆ ಹೇಳಿದ್ದನ್ನ ನಾನು ನಿಮಗೆ ಹೇಳೋ ಹಾಗಿಲ್ಲಮ್ಮ. ಆದ್ರೆ ಇವತ್ತೇ ಡಾಕ್ಟರಿಗೆ ತೋರಿಸ್ಬೇಕು."

"ತೋರ್ಸಾನ ಬಿಡವ್ವ. ಒಂದ್ ವಾರ ತಡ್ಕೊ, ಹುಳ ಹಣ್ಣಾಗಿ ಗೂಡು ಕಟ್ಲಿ."

"ನಾಳೆಗೂ ಆಗಲ್ಲ. ಇವತ್ತು."

"ಏನಾಗೈತೆ ಅವ್ಳಿಗೆ? ಉಣ್ತಾಳೆ, ತಿರುಗಾಡ್ತಾಳೆ. ಹುಳ ಹಸ್ಕೊಂಡ್ರೆ ಗೂಡು ನೀನು ಕಟ್ತೀಯಾ?"

ಆಕೆ ಕೆಟ್ಟವರಲ್ಲ. ಕೊನೆಯ ಜ್ವರ ಎದ್ದ ಹುಳು, ಎಂದರೆ ಕೊನೆಯ ಪೊರೆ ಬಿಟ್ಟ ಹುಳು, ಬಕಾಸುರನ ಹಾಗೆ ತಿನ್ನುತ್ತದೆ. ಒಂದು ಹೊತ್ತು ಸೊಪ್ಪು ತಪ್ಪಿದರೆ ತಿಂಗಳ ದುಡಿಮೆ ನೀರಿನಲ್ಲಿ ಹೋಮ. ಆಕೆಗೆ ಮೊಣಕಾಲು ನೋವು, ಹೊರೆ ಹೊರಲಾಗುತ್ತಿರಲಿಲ್ಲ. ಕೂಲಿಯವರು ಸಿಕ್ಕುವುದು ಅಪರೂಪ. ಇದೆಲ್ಲ ನನಗೂ ಗೊತ್ತು. ಗೊತ್ತಿದ್ದರಿಂದಲೇ, "ಸೊಪ್ಪು ನಾನು ಹಾಕ್ತೀನಿ. ನಿಮ್ಮ ಮಗನ್ನ ಎಬ್ಬಿಸಿ, ಗಾಡೀಲಿ ಕರ್ಕೊಂಡು ಹೋಗ್ಲಿ" ಎಂದೆ.

"ನೀನಾ? ಕುತ್ಗೆಗೆ ಕಾರ್ಡ್ ಹಾಕ್ಕೊಂಡಿರೋಳು?"

"ನಂದಗುಡಿ ಕಡೆಯೋಳು ನಾನು. ನಮ್ಮನೇಲೂ ಹುಳ ಇತ್ತು. ಅವಳನ್ನ ಕಳಿಸೋವರೆಗೆ ನಾನು ಇಲ್ಲಿಂದ ಕದಲಲ್ಲ."

ಅಷ್ಟರಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಮಗ ಗಲಾಟೆಗೆ ಎದ್ದು ಬಂದ. ಹೆಂಡತಿಯ ಮುಖ ನೋಡಿದ, ನನ್ನ ಮುಖ ನೋಡಿದ, ಅಂಗಿ ತೊಟ್ಟು ಗಾಡಿ ಹೊರಗೆ ತೆಗೆದ. ಮಗುವನ್ನು ಎತ್ತಿಕೊಂಡು ಹುಡುಗಿ ಹಿಂದೆ ಕೂತಳು. ಅವರು ಊರು ದಾಟುವ ಮೊದಲೇ ನಾನು ಲ್ಯಾಬಿನ ಮೇಡಂಗೂ ಡಾಕ್ಟರಿಗೂ ಫೋನು ಮಾಡಿ ವಿಷಯ ತಿಳಿಸಿದೆ. ಸಂದರ್ಶನ ಎಲ್ಲಿ ಮಾಡಿದೆ ಎಂದು ಮೇಡಂ ಕೇಳಿದರು. ತೋಟದಲ್ಲಿ, ನಿಂತುಕೊಂಡು, ಪ್ರಶ್ನೆ ಬದಲಾಯಿಸಿ ಎಂದೆ. "ಹಾಗಾದ್ರೆ ಇದನ್ನ ಅಧ್ಯಯನದಲ್ಲಿ ಸೇರಿಸೋಕಾಗಲ್ಲ" ಎಂದರು. "ಸೇರಿಸಬೇಡಿ ಮೇಡಂ" ಎಂದು ಫೋನಿಟ್ಟೆ.

ಹೊರಗಿನವರು ಹಾಗೇ ಹುಳು ಮನೆಗೆ ಹೋಗುವಂತಿಲ್ಲ. ಅತ್ತೆ ನನಗೆ ಸ್ನಾನ ಮಾಡಿಸಿ, ಸೊಸೆಯ ಹಳೇ ನೈಟಿ ತೊಡಿಸಿ, ಬಾಗಿಲಲ್ಲಿ ಸುಣ್ಣದ ಪುಡಿ ತುಳಿಸಿಯೇ ಒಳಗೆ ಬಿಟ್ಟರು. ನನ್ನ ಎರಡರಷ್ಟಿದ್ದ ಆ ನೈಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರೆ ಹೊತ್ತೆ. ಮೂರನೇ ಹೊರೆಗೆ ಕತ್ತು ಬಿದ್ದುಹೋಯಿತು ಅನ್ನಿಸಿತು. ಎಂ.ಎಸ್ಸಿ. ಓದುವಾಗ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ಅತ್ತೆ ಬಾಗಿಲ ಹತ್ತಿರ ಕುಕ್ಕರುಗಾಲಿನಲ್ಲಿ ಕೂರಲಾಗದೆ ಸ್ಟೂಲಿನ ಮೇಲೆ ಕೂತು, "ತೆಳ್ಳಗೆ ಹಾಕು, ಆ ಮೂಲೆಗೆ ಹಾಕು" ಎಂದು ಹೇಳುತ್ತಲೇ ಇದ್ದರು. ಮಧ್ಯಾಹ್ನ ಮುದ್ದೆ ಮುರಿದು ತಟ್ಟೆಗೆ ಹಾಕುವಾಗ ಮಾತ್ರ ತಗ್ಗಿದ ದನಿಯಲ್ಲಿ, "ಭಾರಿ ಕಾಯ್ಲೆನಾ?" ಎಂದು ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಆಮೇಲೆ ಆಕೆ ಊಟ ಮಾಡಲಿಲ್ಲ.

ಐದು ಗಂಟೆಯ ಹೊತ್ತಿಗೆ ಗಾಡಿ ಬಂತು. ಹುಡುಗಿಯ ಕೈಯಲ್ಲಿ ಮಾತ್ರೆಯ ಸಣ್ಣ ಪೊಟ್ಟಣವಿತ್ತು, ಕಣ್ಣು ಅತ್ತು ಊದಿದ್ದವು. ವೈದ್ಯರು ಗಂಡನನ್ನೂ ಕೂರಿಸಿಕೊಂಡು ಮಾತಾಡಿದ್ದರಂತೆ, ಇವಳನ್ನು ಒಬ್ಬಳನ್ನೇ ಬಿಡಬೇಡಿ ಎಂದು ಹೇಳಿ ಕಳಿಸಿದ್ದರಂತೆ. ಅವಳು ಅಂಗಳದಲ್ಲೇ ನಿಂತು, "ಬರೋ ಬುಧವಾರನೂ ಬರೋಕೆ ಹೇಳವ್ರೆ, ಅತ್ತೆ. ಅವತ್ತು ಹುಳ ಗೂಡಿಗೆ ಬಿಡೋ ದಿನ" ಎಂದಳು. ಬೈಗುಳಕ್ಕೆ ತಯಾರಾದವಳ ಹಾಗೆ ತಲೆ ತಗ್ಗಿಸಿದ್ದಳು.

ಅತ್ತೆ ಗೋಡೆ ಹಿಡಿದು ಎದ್ದು ಬಂದು ಮಗುವನ್ನು ಅವಳ ಕೈಯಿಂದ ತೆಗೆದುಕೊಂಡರು.

"ಹೋಗು. ಹುಳ ಹೋದ್ರೆ ದುಡ್ಡು ಕೊಟ್ಟು ಮರಿ ಹುಳ ತರ್ಬೋದು ಕಣವ್ವ. ನಿನ್ನ ಎಲ್ಲಿಂದ ತರ್ಲಿ?"