ಶೇಂಗಾ ಸುಲಿಸಿದ ಅಕ್ಕೋರು

ಅಕ್ಕೋರ ಸೀರೆಯ ಮೊಣಕಾಲಿನ ಜಾಗದಲ್ಲಿ ಸದಾ ಎರಡು ದುಂಡನೆಯ ಎರೆಮಣ್ಣಿನ ಕಲೆಗಳಿರುತ್ತಿದ್ದವು. ಮುಂಜಾನೆ ಒಗೆದ ಸೀರೆ ಉಟ್ಟು ಬಂದರೂ ಬಿಸಿಲು ಏರುವುದರೊಳಗೆ ಕಲೆ ಹಾಜರು. ಶಾಲೆ ಕಲಿಸುವವರ ಬೆರಳಿಗೆ ಬಳಪದ ಪುಡಿ ಹತ್ತಬೇಕು, ಮೊಣಕಾಲಿಗೆ ಮಣ್ಣೇಕೆ ಹತ್ತುತ್ತದೆ? ನನಗೆ ಅವರ ಮೇಲೆ ಮೊದಲ ಸಂಶಯ ಹುಟ್ಟಿದ್ದು ಅಲ್ಲಿಂದ.

ಸಂಶಯ ನನ್ನ ಹುಟ್ಟುಗುಣ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ತೊಟ್ಟಿಲಲ್ಲೇ ಕಲಿತು ಬಂದವಳು ನಾನು. ಕಾಯಿಪಲ್ಲೆಯವಳು ತೂಕ ಸರಿಯಾಗಿ ಹಿಡಿದರೆ, ಇವತ್ತೇಕೆ ಸರಿಯಾಗಿ ಹಿಡಿದಳು ಎಂದು ಮನೆಯವರೆಗೂ ಯೋಚಿಸುತ್ತ ಬರುತ್ತೇನೆ. ಅಂಥವಳ ಪಾಲಿಗೆ ಬಂದದ್ದು ಈ ಆಟದ ಶಾಲೆ. ನವಲಗುಂದದ ಹತ್ತಿರದ ನಮ್ಮೂರಿನಲ್ಲಿ ಸಣ್ಣ ಮಕ್ಕಳ ತಾಯಂದಿರೇ ಸಂಘ ಕಟ್ಟಿಕೊಂಡು ಅದನ್ನು ನಡೆಸುತ್ತಿದ್ದರು. ಜಮಖಾನೆ ನೇಯ್ಗೆ ನಿಂತುಹೋದ ಒಂದು ಪಡಸಾಲೆ, ಮೂಲೆಯಲ್ಲಿ ಹಳೆಯ ಮಗ್ಗದ ಚೌಕಟ್ಟು. ಅಕ್ಕೋರು ಆ ನೇಕಾರರ ಮನೆಯ ಮಗಳೇ. ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಶಾಲೆಯಲ್ಲಿ ಪಾಟಿಯಿಲ್ಲ, ಅಕ್ಷರವಿಲ್ಲ. ಮಕ್ಕಳು ಮಣ್ಣು ಕಲಸುತ್ತಿದ್ದವು, ಅಂಗಳದಲ್ಲಿ ಗುಂಡಿ ತೋಡುತ್ತಿದ್ದವು. "ಆಡ್ಯಾಡಿ ಬರಾಕ ಶಾಲಿ ಯಾಕ ಬೇಕ? ನಮ್ಮ ಓಣಿ ಇಲ್ಲೇನು?" ಎಂದು ನಮ್ಮತ್ತೆ ಕೇಳುತ್ತಿದ್ದರು.

ಮಗಳನ್ನು ಅಲ್ಲಿಗೆ ಹಾಕಿದ್ದಕ್ಕೆ ಬೇರೆ ಕಾರಣವಿತ್ತು. ನಾಲ್ಕು ವರ್ಷ ತುಂಬಿದರೂ ಅವಳು ಹೊರಗಿನವರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಳು, ನಾನು ಅದನ್ನು ಊರಿಗೆ ಹೇಳುತ್ತಿದ್ದೆ. ಓಣಿಯವರು ಅವಳನ್ನು ಮೂಕಿ ಎನ್ನತೊಡಗಿದ್ದರು, ಅದೂ ನನ್ನ ಎದುರಿಗೇ. ಪಟ್ಟಣದ ಕಾನ್ವೆಂಟಿನವರು ಮಾತಾಡದ ಮಗು ಬೇಡವೆಂದರು. ಅಕ್ಕೋರು ಏನೂ ಕೇಳದೆ ಸೇರಿಸಿಕೊಂಡರು. ಏನೂ ಕೇಳದೆ ಇದ್ದದ್ದೂ ನನಗೆ ಸರಿಕಾಣಲಿಲ್ಲ.

ಸಂಘದ ಪದ್ಧತಿಯಂತೆ ತಾಯಂದಿರು ಪಾಳಿಯ ಪ್ರಕಾರ ಒಂದೊಂದು ಮುಂಜಾನೆ ಶಾಲೆಯಲ್ಲಿರಬೇಕು. ನನ್ನ ಪಾಳಿಯ ದಿನ ಅಕ್ಕೋರು ಒಂದು ಮೊರ ಶೇಂಗಾ ತಂದು ಮುಂದಿಟ್ಟರು.

"ಇದನ್ನ ಸುಲೀರಿ. ಹುಡುಗ್ರನ್ನ ನೋಡ್ರಿ, ಆದ್ರ ಮುಟ್ಟಬ್ಯಾಡ್ರಿ."

ಪುಕ್ಕಟೆ ಕೂಲಿಯಾಳು ಸಿಕ್ಕಳು ಅಂದುಕೊಂಡಿದ್ದಾರೆ ಎನಿಸಿತು. ಈ ಕಾಳು ಯಾವ ಅಂಗಡಿ ಸೇರುತ್ತದೆ ಎಂದು ವಿಚಾರಿಸಿದೆ. ಬೆಲ್ಲ ಹಾಕಿ ಮಕ್ಕಳಿಗೇ ಕೊಡುತ್ತಾರೆಂದು ತಿಳಿಯಿತು. ಹಾಗಾದರೆ ಸಿಪ್ಪೆ ಎಲ್ಲಿ ಹೋಗುತ್ತದೆ ಎಂದೆ. "ನಿಮ್ಮ ಮಗಳು ಅದರಾಗ ಪಲ್ಲೆ ಮಾಡ್ಯಾಳ. ಉಣ್ಣಾಕ ಬರ್ರಿ" ಎಂದು ಅಕ್ಕೋರು ನಕ್ಕರು.

ಅಷ್ಟರಲ್ಲಿ ಮಗಳು ನೀರಿನ ಕೊಡದ ಹತ್ತಿರ ಹೋಗಿ ನಿಂತು ನನ್ನ ಕಡೆ ನೋಡಿದಳು. ನಾನು ಮೊರ ಸರಿಸಿದೆ.

"ಏಳಬ್ಯಾಡ್ರಿ. ಆಕಿ ಇನ್ನೂ ಕೇಳಿಲ್ಲ."

"ಕೇಳೂದಿಲ್ರಿ ಆಕಿ. ನೀರ ಬೇಕಾಗೈತಿ, ನನಗ ಗೊತ್ತೈತಿ."

"ನಿಮಗ ಗೊತ್ತಿರ್ತೈತಿ ಅಂತನ ನಿಮ್ಮ ಕೈಗೆ ಶೇಂಗಾ ಕೊಟ್ಟೇನ್ರಿ."

ಮಗಳು ಅಳತೊಡಗಿದಳು. ಇವರ ಎದೆ ಕಲ್ಲೋ ಏನೋ ಎಂದುಕೊಂಡು ಎದ್ದು ನೀರು ಕುಡಿಸಿದೆ. ಅಕ್ಕೋರು ಜಗಳಕ್ಕೆ ಬರಲಿಲ್ಲ. ಹೊರಡುವಾಗ ಮಾತ್ರ, "ನೀವಿಲ್ಲದಾಗ ಛಲೋ ಮಾತಾಡ್ತಾಳ್ರಿ" ಎಂದರು. ನಾನಿಲ್ಲದಾಗ! ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಕ್ಕೀತು?

ಮನೆಯಲ್ಲಿ ಯಜಮಾನರು ತೀರ್ಮಾನ ಹೇಳಿಬಿಟ್ಟರು. "ಯುಗಾದಿ ಮುಗೀಲಿ, ಬಿಡಿಸೂಣು." ಬಿಡಿಸುವ ಮೊದಲು ಅಕ್ಕೋರ ಸುಳ್ಳನ್ನು ಕೈಯಾರೆ ಹಿಡಿಯಬೇಕೆಂದು ನಾನು ಪಾಳಿಯಿಲ್ಲದ ದಿನ ಹೇಳದೆ ಕೇಳದೆ ಹೋದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಹಿಂದಿನ ಕಿಟಕಿಗೆ ಕಿವಿಗೊಟ್ಟೆ.

"ಹುಬ್ಬಳ್ಳಿ, ಹುಬ್ಬಳ್ಳಿ, ಹುಬ್ಬಳ್ಳೀ! ಯಾರ್ರಿ ಹುಬ್ಬಳ್ಳಿ?"

ಮಗ್ಗದ ಚೌಕಟ್ಟು ಬಸ್ಸಾಗಿತ್ತು. ಅದರ ಬಾಗಿಲಲ್ಲಿ ನೇತಾಡುತ್ತ ಕೂಗುತ್ತಿದ್ದವಳು ನನ್ನ ಮಗಳು. ಅಕ್ಕೋರು ಪಡಸಾಲೆಯ ಮಣ್ಣುನೆಲಕ್ಕೆ ಮೊಣಕಾಲೂರಿ, ಮಕ್ಕಳಷ್ಟೇ ಎತ್ತರವಾಗಿ, ಮುದುಕಿಯ ವೇಷದಲ್ಲಿ ಬಸ್ಸು ಹತ್ತಲು ಒದ್ದಾಡುತ್ತಿದ್ದರು.

"ಏ ಅಜ್ಜಿ, ಒಳಗ ಸರೀ! ಬಾಗಿಲದಾಗ ನಿಂತರ ಟಿಕೀಟ್ ಯಾರ ತಗಸ್ತಾರ?"

ಅಂಥ ಗಂಟಲು ನನ್ನ ಮಗಳಿಗಿದೆಯೆಂದು ನನಗೇ ಗೊತ್ತಿರಲಿಲ್ಲ. ಒಳಗೆ ಓಡಿ ಅವಳನ್ನು ಎತ್ತಿಕೊಳ್ಳಬೇಕು ಎನಿಸಿತು. ಆಗ ಅಕ್ಕೋರು ಕಿಟಕಿಯಲ್ಲಿ ನನ್ನನ್ನು ಕಂಡರು. ಬೇಡ ಎಂಬಂತೆ ತಲೆಯಾಡಿಸಿದರು, ಅಷ್ಟೇ. ಮತ್ತೆ ಮುದುಕಿಯಾದರು. ನಾನು ಗೋಡೆಗೆ ಬೆನ್ನು ಹಚ್ಚಿ ಕೂತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಶಾಲೆ ಬಿಟ್ಟ ಮೇಲೆ, "ನಿಮ್ಮನ್ನ ನಂಬಲಿಲ್ರಿ ನಾನು" ಎಂದೆ.

"ನಂಬಿದ್ರ ಮನ್ಯಾಗ ಕುಂತಿರ್ತಿದ್ರಿ. ಸಂಶಯ ಪಟ್ರಿ, ಬಂದು ಕೇಳಿದ್ರಿ. ಎಲ್ಲಾರೂ ಹೌದ್ರಿ ಹೌದ್ರಿ ಅಂದ್ರ ಸಂಘ ಎದಕ್ಕ ಬೇಕು?" ಎಂದರು ಅಕ್ಕೋರು. ನನ್ನ ಈ ಗುಣವನ್ನು ಯಾರಾದರೂ ಹೊಗಳಿದ್ದು ಅದೊಂದೇ ಸಲ. ಹೊಗಳಿದ್ದು ನಿಜವೋ ಚೇಷ್ಟೆಯೋ ಎಂದು ಆ ಸಂಜೆಯೆಲ್ಲ ಯೋಚಿಸಿದೆ. ಯುಗಾದಿ ಬಂತು, ಹೋಯಿತು. ಮಗಳನ್ನು ಬಿಡಿಸಲಿಲ್ಲ.

ಅವಳು ದೊಡ್ಡ ಶಾಲೆಗೆ ಹೋಗತೊಡಗಿದ ಮೇಲೆ ಅಕ್ಕೋರಿಗೆ ಲಕ್ವಾ ಹೊಡೆಯಿತು. ತೀರಿಕೊಳ್ಳುವ ಮುಂಚೆ ಒಮ್ಮೆ ಮಗಳನ್ನು ಕರೆದುಕೊಂಡು ನೋಡಲು ಹೋಗಿದ್ದೆ. ಮಂಚದ ಸುತ್ತ ಮಂದಿ. ಬಾಯಿ ಓರೆಯಾಗಿತ್ತು, ಮಾತು ಅರ್ಧ ಬಂದು ನಿಲ್ಲುತ್ತಿತ್ತು. ಅವರು ತುಟಿ ಅಲುಗಿಸಿದರೆ ಸಾಕು, ಸೊಸೆ ಉಳಿದದ್ದನ್ನು ತಾನೇ ಹೇಳಿ ಮುಗಿಸುತ್ತಿದ್ದಳು. ತನಗೆ ಬೇಕಾದದ್ದನ್ನು ಅವರ ಬಾಯಿಗೆ ತುರುಕುತ್ತಿದ್ದಾಳೆಂದು ನನಗೆ ಗುಮಾನಿ.

ಮಗಳನ್ನು ಕಂಡು ಅಕ್ಕೋರು "ಕೂ... ಕೂ..." ಎಂದರು.

"ಕುಡ್ಯಾಕ ಚಾ ಕೇಳಾಕತ್ತಾರ" ಎಂದಳು ಸೊಸೆ.

"ಚಾ ಅಲ್ರಿ, ನೀರ ಇರಬೇಕು" ಎಂದೆ ನಾನು.

"ತಡೀರಿ ಎಲ್ಲಾರೂ!" ಎಂದಳು ಮಗಳು. "ಅಕ್ಕೋರು ಇನ್ನೂ ಹೇಳಾಕತ್ತಾರ."

ಕೋಣೆಯ ತುಂಬ ಇದ್ದ ದೊಡ್ಡವರೆಲ್ಲ ಬಾಯಿ ಮುಚ್ಚಿದೆವು. ಅಕ್ಕೋರು ಉಸಿರೆಳೆದುಕೊಂಡರು, ತಪ್ಪಿದರು, ಮತ್ತೆ ಶುರು ಮಾಡಿದರು. ಮಗಳು ಅವರ ಮುಖದಿಂದ ಕಣ್ಣು ಕೀಳಲಿಲ್ಲ.

"ಕೂ... ಡ... ವಾ."

ಮನೆಗೆ ಬಂದ ಹುಡುಗಿಗೆ ಕೂಡು, ಕೂತುಕೋ ಎನ್ನಲು ಅಷ್ಟು ಹೊತ್ತು ಹೆಣಗಿದ್ದರು. ಮಗಳು ಮಂಚದ ಅಂಚಿನಲ್ಲಿ ಕೂತಳು.