ಓರೆ ಬಿದ್ದ ಕವಡೆ

ಇವತ್ತು ಬೆಳಿಗ್ಗೆ ಲ್ಯಾಪ್‌ಟಾಪನ್ನು ತಲೆಕೆಳಗು ಮಾಡಿ ಮೆಲ್ಲಗೆ ತಟ್ಟಿದಾಗ ಅದರ ಕೀಲಿಗಳ ಸಂದಿಯಿಂದ ಒಂದು ಸಾಸಿವೆ ಕಾಳು, ಕರಿಬೇವಿನ ಒಣಗಿದ ಚೂರು ಮತ್ತು ಯಾವ ಕಾಲದ ಉಪ್ಪಿಟ್ಟಿನದೋ ಒಂದಿಷ್ಟು ರವೆ ಬಿದ್ದವು. ದೊಡ್ಡ ಕಂಪನಿಗಳಲ್ಲಿ ಕೂತು ಪ್ರೋಗ್ರಾಂ ಬರೆಯುವವರ ಲ್ಯಾಪ್‌ಟಾಪಿನಿಂದ ಏನು ಬೀಳುತ್ತದೋ ನನಗೆ ಗೊತ್ತಿಲ್ಲ. ನನ್ನದು ಮಿಕ್ಸಿಗೂ ಒಗ್ಗರಣೆ ಡಬ್ಬಿಗೂ ನಡುವಿನ ಜಾಗದಲ್ಲಿ ಕೂತು ವಿದ್ಯೆ ಕಲಿತ ಯಂತ್ರ. ಆ ಸಾಸಿವೆಯನ್ನು ಬೆರಳ ತುದಿಯಲ್ಲಿ ಹಿಡಿದು ನಿಂತಾಗ, ನಾನು ಗೇಮ್ ಡೆವಲಪರ್ ಆಗಿದ್ದ ಕಾಲ ನೆನಪಾಯಿತು. ನಗಬೇಡಿ. ಚನ್ನಪಟ್ಟಣದಲ್ಲಿ ಆಟದ ಸಾಮಾನು ಮಾಡುವವರಿಗೆ ಬರವಿಲ್ಲ, ನಿಜ. ಆದರೆ ಬ್ರೌಸರಿನಲ್ಲಿ ಆಡುವ ಆಟ ಮಾಡಿದ ಗೃಹಿಣಿ ನಮ್ಮ ಬೀದಿಯಲ್ಲಿ ನಾನೊಬ್ಬಳೇ. ನಮ್ಮ ಬೀದಿ ಬಹಳ ಸಣ್ಣದು ಎಂಬುದನ್ನೂ ಹೇಳಿಬಿಡುತ್ತೇನೆ.

ನನಗೆ ಈ ಪದವಿ ಸಿಕ್ಕಿದ್ದು ನನ್ನ ಅತ್ತೆ ಮತ್ತು ಅವರ ತಂಗಿಯ ದೆಸೆಯಿಂದ. ತಂಗಿಯನ್ನು ನಾನು ಚಿಕ್ಕತ್ತೆ ಎನ್ನುತ್ತೇನೆ. ಅವರಿರುವುದು ಮಾಗಡಿ ಕಡೆಯ ತಿಪ್ಪಸಂದ್ರದಲ್ಲಿ. ತಿಂಗಳಿಗೊಮ್ಮೆ ಚೀಲದ ತುಂಬ ತರಕಾರಿ ತುಂಬಿಕೊಂಡು, ಮಾಗಡಿಯಲ್ಲಿ ಒಂದು ಬಸ್ಸು, ರಾಮನಗರದಲ್ಲಿ ಇನ್ನೊಂದು ಬಸ್ಸು ಬದಲಿಸಿ ನಮ್ಮ ಮನೆಗೆ ಬರುತ್ತಿದ್ದರು. ಬಸ್ಸು ಕೆಂಗಲ್ ದಾಟುವಾಗ ಕಿಟಕಿಯಿಂದಲೇ ಆಂಜನೇಯನಿಗೆ ಕೈಮುಗಿದು, ಮಕ್ಕಳು ಮೊಮ್ಮಕ್ಕಳ ವಿಷಯ ಆಮೇಲಾಗಲಿ, ಇವತ್ತು ನಾಲ್ಕು ಬಾರ ಬೀಳಿಸಪ್ಪಾ ಎಂದು ಕೇಳಿಕೊಳ್ಳುತ್ತಿದ್ದರಂತೆ. ಬಾರ ಎಂದರೆ ಚೌಕಾಬಾರದ ಎಂಟು: ಎಸೆದ ನಾಲ್ಕು ಕವಡೆಗಳೂ ಬೋರಲು ಬಿದ್ದರೆ ಎಂಟು ಮನೆ ನಡೆಯಬಹುದು, ಮೇಲೆ ಇನ್ನೊಂದು ಸಲ ಎಸೆಯಲೂಬಹುದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದು, ಅಕ್ಕ ಹುಣಿಸೆ ಬೀಜ, ತಂಗಿ ಬಳೆಚೂರು ಇಟ್ಟುಕೊಂಡು ಕೂತರೆ ಮುಗಿಯಿತು, ಮನೆಗೆ ಬಂದ ನೆಂಟರಿಗೆ ಕಾಫಿ ಬೇಕೇ ಎಂದು ಕೇಳುವುದಕ್ಕೂ ನಾನೇ ಗತಿ.

ಆ ಆಟಕ್ಕೊಂದು ನಿಯಮವಿದೆ. ಎಸೆದ ಕವಡೆ ಯಾವುದಕ್ಕಾದರೂ ಒರಗಿ, ಅಂಗಾತವೂ ಅಲ್ಲದೆ ಬೋರಲೂ ಅಲ್ಲದೆ ನಿಂತರೆ ಅದು 'ಓರೆ'. ಆ ಎಸೆತ ಲೆಕ್ಕಕ್ಕಿಲ್ಲ, ಮತ್ತೆ ಎಸೆಯಬೇಕು. ನ್ಯಾಯವಾದ ನಿಯಮ. ನಮ್ಮ ಮನೆಯಲ್ಲಿ ಮಾತ್ರ ಕವಡೆಗಳು ಅಗತ್ಯಕ್ಕೆ ತಕ್ಕ ಹಾಗೆ ಓರೆಯಾಗುತ್ತಿದ್ದವು. ಬೇಡದ ಅಂಕಿ ಬಿತ್ತೋ, ಅತ್ತೆಯ ಸೆರಗು ಎಲ್ಲಿಂದಲೋ ಬಂದು ಕವಡೆಯ ಪಕ್ಕ ಮಲಗಿರುತ್ತಿತ್ತು.

"ಓರೆ!"

"ಎಲ್ಲಕ್ಕಾ ಓರೆ? ನೆಟ್ಟಗೆ ಮಲ್ಗೈತೆ ಮಗೀನಂಗೆ."

"ಬಗ್ಗಿ ನೋಡಮ್ಮಿ, ಸೆರಗಿಗೆ ಒರಗೈತೆ."

"ಸೆರಗು ಆಗ ಎಲ್ಲಿತ್ತು, ಈಗ ಎಲ್ಲೈತೆ?"

ಈ ಸಂಭಾಷಣೆಯನ್ನು ನಾನು ಮದುವೆಯಾಗಿ ಬಂದಾಗಿನಿಂದ ಕೇಳಿದ್ದೇನೆ. ರಾಮನಗರದ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಬೆಳೆದವಳು ನಾನು. ರಬ್ಬರು ಎರವಲು ಪಡೆದರೂ ಥ್ಯಾಂಕ್ಯೂ ಹೇಳಿ, ಹಿಂದಿರುಗಿಸುವಾಗ ಇನ್ನೊಮ್ಮೆ ಹೇಳಬೇಕಿತ್ತು. ಹಾಡಹಗಲೇ ಇಷ್ಟು ಮೋಸವನ್ನು ಇಷ್ಟು ಪ್ರೀತಿಯಿಂದ ಮಾಡುವ ಮನೆ ನನಗೆ ಹೊಸದು.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಚಿಕ್ಕತ್ತೆಯ ಕೊನೆಯ ಕಾಯಿ ಹಣ್ಣಾಗಲು, ಎಂದರೆ ನಡುಮನೆ ಸೇರಿ ಗೆಲ್ಲಲು, ಒಂದೇ ಒಂದು ಮನೆ ಬಾಕಿ ಇತ್ತು. ಆ ಕಾಯಿಯನ್ನು ಕಡಿಯಲು ಅತ್ತೆಗೆ ಮೂರು ಬೀಳಬೇಕು. ಬಿದ್ದದ್ದು ಎರಡು. "ಓರೆ" ಎಂದರು. ಮತ್ತೆ ಎಸೆದರು, ಮೂರು ಬಿತ್ತು, ಕಡಿದರು. ಚಿಕ್ಕತ್ತೆ ಎದ್ದು ನಿಂತು, ಖಾಲಿ ಚೀಲ ಮಡಚಿ ಕಂಕುಳಿಗಿಟ್ಟುಕೊಂಡರು. "ಇನ್ ನಿನ್ ಮನೆ ಹೊಸ್ಲು ತುಳಿದ್ರೆ ಕೇಳಕ್ಕಾ" ಎಂದು, ಬಡಿಸಿದ್ದ ಮುದ್ದೆಯನ್ನೂ ಬಿಟ್ಟು ಹೊರಟೇಬಿಟ್ಟರು.

ನಾಳೆ ಫೋನು ಬರುತ್ತದೆ ಎಂದುಕೊಂಡೆವು. ಬರಲಿಲ್ಲ. ತಿಂಗಳುಗಳು ಹೋದವು. "ಎದ್ದೋದವ್ಳು ಅವ್ಳು, ಅವ್ಳೇ ಮಾಡ್ಲಿ" ಎಂದು ಇಲ್ಲಿ. "ಮೋಸ ಮಾಡಿದ್ದು ಅಕ್ಕ, ಅಕ್ಕನೇ ಮಾಡ್ಲಿ" ಎಂದು ಅಲ್ಲಿ. ಅತ್ತೆ ಫೋನನ್ನು ಚಾರ್ಜಿಗೆ ಹಾಕುವರು, ತೆಗೆಯುವರು, ಸೆರಗಿನಿಂದ ಒರೆಸಿ ಮತ್ತೆ ಹಾಕುವರು. ಊಟಕ್ಕೆ ಕೂತರೆ ಅರ್ಧ ಮುದ್ದೆಗೇ ಕೈ ತೊಳೆಯುವರು. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ್ದೆಂದರೆ, ಅವರು ನನ್ನ ಅಡುಗೆಯಲ್ಲಿ ತಪ್ಪು ಹುಡುಕುವುದನ್ನೇ ನಿಲ್ಲಿಸಿಬಿಟ್ಟರು. ಅತ್ತೆ ಸುಮ್ಮನೆ ಉಣ್ಣುತ್ತಿದ್ದಾರೆ ಎಂದರೆ ಸೊಸೆಗೆ ನಿದ್ದೆ ಹೇಗೆ ಬಂದೀತು, ನೀವೇ ಹೇಳಿ.

ನಮ್ಮ ಯಜಮಾನರಿಗೆ ಹೇಳಿದೆ. "ಅಕ್ಕ ತಂಗಿ ಜಗಳ, ತಾನೇ ಸರಿಹೋಗುತ್ತೆ ಬಿಡು" ಎಂದರು. ಬಚ್ಚಲುಮನೆಯ ನಲ್ಲಿಯ ವಿಷಯದಲ್ಲೂ ಅವರ ತತ್ವ ಅದೇ. ನಲ್ಲಿ ಇನ್ನೂ ತೊಟ್ಟಿಕ್ಕುತ್ತಿದೆ.

ಪಾತ್ರೆ ತೊಳೆಯುವಾಗ ನನಗೊಂದು ಯೋಚನೆ ಬಂತು. ಫೋನಿನ ತೊಂದರೆ ಏನೆಂದರೆ ಯಾರಾದರೂ ಒಬ್ಬರು ಮೊದಲು ಮಾಡಬೇಕು, ಮಾಡಿದವರು ಸೋತಂತೆ. ಆಟದಲ್ಲಿ ಹಾಗಿಲ್ಲ. ಆಟವೇ 'ಈಗ ನಿಮ್ಮ ಸರದಿ' ಎನ್ನುತ್ತದೆ. ಯಂತ್ರ ಕರೆದರೆ ಹೋಗುವುದಕ್ಕೆ ಯಾರ ಮಾನವೂ ಹೋಗುವುದಿಲ್ಲ. ಎರಡು ಮನೆಯ ಎರಡು ಫೋನಿನಲ್ಲಿ ಒಂದೇ ಚೌಕಾಬಾರ! ಮಾಡಿದ್ದು ಸಿಗುತ್ತದೇನೋ ಎಂದು ಹುಡುಕಿದೆ. ಸಿಕ್ಕವುಗಳಲ್ಲಿ ಒಂದೊಂದು ನಡೆಗೂ ಒಂದೊಂದು ಜಾಹೀರಾತು. ಅತ್ತೆ ಬಾರ ಎಸೆದು ಸಾಲ ಬೇಕೇ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತಿತ್ತು. ಸರಿ, ನಾನೇ ಮಾಡುತ್ತೇನೆ ಎಂದು ಹೊರಟೆ. ಅಜ್ಞಾನಕ್ಕೆ ಇರುವಷ್ಟು ಧೈರ್ಯ ಇನ್ನಾವುದಕ್ಕೂ ಇಲ್ಲ.

ಕಲಿಸುವ ವಿಡಿಯೋಗಳಿಗೇನು ಕಡಿಮೆಯೇ? ಪ್ರತಿಯೊಬ್ಬ ಗುರುವೂ 'ಇದು ತುಂಬಾ ಸುಲಭ' ಎಂದೇ ಶುರು ಮಾಡುತ್ತಾನೆ. ಅನ್ಯಗ್ರಹದಿಂದ ಬಂದವರನ್ನು ಗುಂಡಿಕ್ಕಿ ಕೊಲ್ಲುವ ಆಟವನ್ನೇ ಕಲಿಸುತ್ತಾನೆ. ಆಟದ ಜೀವವೇ ಒಂದು ಸುತ್ತು ಎಂದು ಅಲ್ಲಿ ತಿಳಿಯಿತು. ಯಾರು ಏನು ಒತ್ತಿದರು ನೋಡು, ಲೆಕ್ಕ ಹಾಕು, ಚಿತ್ರವನ್ನು ಅಳಿಸಿ ಮತ್ತೆ ಬರೆ, ಮತ್ತೆ ನೋಡು. ಸೆಕೆಂಡಿಗೆ ಅರವತ್ತು ಸಲ, ಕೊನೆಯಿಲ್ಲದೆ. ಇದನ್ನು ಅರ್ಥಮಾಡಿಸಲು ಆ ಮನುಷ್ಯ ಮೂರು ಚಿತ್ರ ಬರೆದ. ಅಡುಗೆಮನೆಯಲ್ಲಿ ನಿಂತವಳಿಗೆ ಒಂದೂ ಬೇಕಿರಲಿಲ್ಲ. ಚೌಕಾಬಾರಕ್ಕೆ ಅಷ್ಟು ಅವಸರವೂ ಬೇಡ. ಅತ್ತೆ ಒಂದು ಕಾಯಿ ನಡೆಸುವಷ್ಟರಲ್ಲಿ ಅವರೆಕಾಳು ಬೆಂದಿರುತ್ತದೆ. ಕಾಯಿ ನಡೆದಾಗ ಮಾತ್ರ ಚಿತ್ರ ಬರೆದರೆ ಸಾಕು ಎಂದು ಆ ಸುತ್ತನ್ನೇ ಕಿತ್ತುಹಾಕಿದೆ.

ಕವಡೆ ಎಸೆಯುವ ಕೆಲಸ ಒಂದೇ ಸಾಲಿನದು ಎಂದುಕೊಂಡಿದ್ದೆ. ಒಂದು, ಎರಡು, ಮೂರು, ನಾಲ್ಕು, ಎಂಟು, ಇವುಗಳಲ್ಲಿ ಒಂದನ್ನು ಎತ್ತಿಕೊಡು ಎಂದು ಯಂತ್ರಕ್ಕೆ ಹೇಳಿದೆ. ಅದು ಚುನಾವಣೆಯ ಕಾಲದ ಹಾಗೆ ಧಾರಾಳವಾಗಿ ಎಂಟುಗಳನ್ನು ಹಂಚತೊಡಗಿತು. ಆಮೇಲೆ ಹೊಳೆಯಿತು: ನಿಜವಾದ ಕವಡೆಗಳು ಒಂದೊಂದೂ ಬೇರೆಬೇರೆಯಾಗಿ ಬೀಳುತ್ತವೆ. ನಾಲ್ಕನ್ನೂ ಬಿಡಿಬಿಡಿಯಾಗಿ ಎಸೆಸಿ, ಅಂಗಾತ ಬಿದ್ದವನ್ನು ಎಣಿಸಿದ ಮೇಲೆ ಎಂಟು ತನ್ನ ಬೆಲೆಯನ್ನು ತಾನೇ ಉಳಿಸಿಕೊಂಡಿತು. ಒತ್ತುವ ಗುಂಡಿಯನ್ನು ಮೊದಲು ಬೊಟ್ಟಿನಷ್ಟು ಮಾಡಿದ್ದೆ; ಅತ್ತೆಯ ಹೆಬ್ಬೆರಳನ್ನು ಒಮ್ಮೆ ನೋಡಿ ಬಂದು ಬಿಲ್ಲೆಯಷ್ಟು ಮಾಡಿದೆ. ಎರಡು ಫೋನಿಗೂ ಒಂದೇ ಮಣೆ ಕಾಣಬೇಕಲ್ಲ, ಅದಕ್ಕೆ ಯಾರ ಕಾಯಿ ಎಲ್ಲಿದೆ ಎಂಬುದನ್ನು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಜಾಗದಲ್ಲಿ ಇಟ್ಟೆ. ಆಡುವವರನ್ನು ಹುರಿದುಂಬಿಸಬೇಕು ಎಂದು ಗುರು ಹೇಳಿದ್ದನೆಂದು ಕಾಯಿ ಕಡಿದಾಗ 'ಶಭಾಷ್' ಎಂದು ಬರುವ ಹಾಗೂ ಮಾಡಿದೆ.

ಓರೆಯನ್ನು ಮಾತ್ರ ಕೈಬಿಟ್ಟೆ. ಗಾಜಿನ ಮೇಲೆ ಬೀಳುವ ಕವಡೆಗೆ ಒರಗಲು ಸೆರಗೆಲ್ಲಿಂದ ಬರಬೇಕು? ಜಗಳದ ಬೇರನ್ನೇ ಕಿತ್ತೆನೆಂದು ಬೀಗಿದೆ. ಸಿಸ್ಟರು ನೋಡಿದ್ದರೆ ನನ್ನ ಎದೆಗೆ ಬ್ಯಾಡ್ಜು ಚುಚ್ಚುತ್ತಿದ್ದರು.

ಚಿಕ್ಕತ್ತೆಯ ಸೊಸೆಯನ್ನು ಗುಟ್ಟಾಗಿ ಒಳಗೆ ಹಾಕಿಕೊಂಡು ಅವಳ ಫೋನಿಗೆ ಲಿಂಕ್ ಕಳಿಸಿದೆ. ಅಲ್ಲಿ ಮೊದಲ ಎಸೆತ ಆಯಿತು. ಇಲ್ಲಿ ಪರದೆ ತೋರಿಸಿದೆ.

"ಆ ಕಡೇಲಿ ಕುಂತಿರೋದು ಅವ್ಳೇನಾ?" ಎಂದರು ಅತ್ತೆ.

"ಹೂಂ ಅತ್ತೆ. ಈಗ ನಿಮ್ಮ ಸರದಿ."

ಕೈಯನ್ನು ಸೆರಗಿಗೆ ಒರೆಸಿಕೊಂಡು, ಪೂಜೆಗೆ ಕೂತವರ ಹಾಗೆ ಒತ್ತಿದರು. ಮೊದಲ ಕಾಯಿ ಕಡಿದಾಗ ಶಭಾಷ್ ಬಂತು. "ಯಾರವ್ವ ಇವ್ಳು, ನನ್ಗೆ ಶಭಾಷ್ ಅನ್ನಕ್ಕೆ?" ಎಂದರು. ಅದನ್ನು ಅಂದೇ ತೆಗೆದೆ.

ಒಂದು ವಾರ ಆಡಿದರು. ಇವರು ಒತ್ತುವರು, ಅವರು ಒತ್ತುವರು. ಒಂದು ಮಾತಿಲ್ಲ, ಒಂದು ಕೂಗಿಲ್ಲ. ನಮ್ಮ ಕಾನ್ವೆಂಟಿನ ಊಟದ ಕೋಣೆಯ ಹಾಗಿತ್ತು. ಆಮೇಲೆ ಒಂದು ದಿನ ತಿಪ್ಪಸಂದ್ರದಿಂದ ನಡೆ ಬರಲಿಲ್ಲ. ಮರುದಿನವೂ ಇಲ್ಲ. "ಸಪ್ಪೆ ಕಣವ್ವಾ ನಿನ್ ಆಟ. ಆಸ್ಪತ್ರೇಲಿ ಚೀಟಿ ಇಡ್ಕೊಂಡು ಕುಂತಂಗೈತೆ" ಎಂದು ಅತ್ತೆ ಫೋನನ್ನು ಮಗುಚಿಟ್ಟರು, ಚಾರ್ಜಿಗೂ ಹಾಕಲಿಲ್ಲ. ಅಷ್ಟಾದರೂ ಇದ್ದ ಆಸೆ ನನ್ನಿಂದಲೇ ಹೋಯಿತೇ ಎಂದು ನನಗೆ ದಿಗಿಲಾಯಿತು.

ಸಂಜೆ ಆ ಸೊಸೆಯ ಫೋನು ಬಂತು. "ಅಕ್ಕಾ, ನಮ್ಮತ್ತೆ ಅದನ್ನ ಮುಟ್ಟಕ್ಕೇ ಒಲ್ರು. ಆಡ್ತಿರೋದು ಅವ್ರಕ್ಕ ಅಲ್ವಂತೆ. ನೀವೇ ಒತ್ತುತಾ ಇದೀರಂತೆ."

"ನಾನಾ? ಯಾಕಂತೆ?"

"ಇಷ್ಟ್ ದಿನಾ ಆಡುದ್ರೂ ಒಂದ್ಸಲಾನೂ ಓರೆ ಅಂದಿಲ್ವಲ್ಲ, ನಮ್ಮಕ್ಕ ಅಂಗೆಲ್ಲಾ ಆಡೋಳೇ ಅಲ್ಲ ಅಂತವ್ರೆ. ಮಕ ಸಣ್ಣಗೆ ಮಾಡ್ಕೊಂಡು ಕುಂತವ್ರೆ ಅಕ್ಕಾ. ಅವ್ಳಿಗೆ ನನ್ ಜೊತೆ ಆಡಕ್ಕೂ ಇಷ್ಟ ಇಲ್ಲ, ಸೊಸೆ ಕೈಲಿ ಆಡುಸ್ತವ್ಳೆ ಅಂತ."

ಒಲೆಯ ಮೇಲೆ ಹಾಲು ಉಕ್ಕಿಹೋಯಿತು. ಹೋಗಲಿ ಎಂದುಕೊಂಡೆ. ನಾನು ಅಷ್ಟು ಮುತುವರ್ಜಿಯಿಂದ ತೊಳೆದು ಬಳಿದದ್ದರಲ್ಲಿ ಕೊಳೆಯ ಜೊತೆಗೆ ನನ್ನ ಅತ್ತೆಯೇ ಹೋಗಿಬಿಟ್ಟಿದ್ದರು. ಆಟದಲ್ಲಿ ಕಳ್ಳದಾರಿಗಳಿದ್ದರೆ ಮುಚ್ಚಬೇಕು ಎಂದು ಎಲ್ಲ ವಿಡಿಯೋ ಗುರುಗಳೂ ಒಕ್ಕೊರಲಿನಿಂದ ಹೇಳುತ್ತಾರೆ. ನಾನು ಮರುದಿನ ಕೂತು ಒಂದನ್ನು ತೆರೆದೆ. ಕೆಂಪು ಬಣ್ಣದಲ್ಲಿ, ದಪ್ಪ ಅಕ್ಷರದಲ್ಲಿ 'ಓರೆ' ಎಂದು ಬರೆದೆ. ಒತ್ತಿದರೆ ಬಿದ್ದ ಎಸೆತ ಅಳಿಸಿಹೋಗುತ್ತದೆ, ಮತ್ತು ಎದುರಿನವರ ಪರದೆಯ ಮೇಲೆ ಒಂದು ಕವಡೆ ಸೊಟ್ಟಗೆ ನಿಂತು 'ಅಕ್ಕ ಓರೆ ಅಂದರು' ಎಂದು ಸಾರುತ್ತದೆ.

"ಇದೇನವ್ವಾ ಕೆಂಪಗೆ?"

"ಓರೆ, ಅತ್ತೆ. ಒತ್ತಿದರೆ ಇನ್ನೊಂದು ಸಲ ಎಸೆಯಬಹುದು."

"ಎಷ್ಟ್ ಸಲ?"

"ಎಷ್ಟು ಸಲ ಬೇಕಾದರೂ."

ಈ ಮನೆಗೆ ನಾನು ಬಂದು ಸಾರ್ಥಕವಾಯಿತು ಎಂಬಂತೆ ಅತ್ತೆ ನನ್ನನ್ನು ನೋಡಿದರು. ಆ ಸೊಸೆ ಹೇಗೋ ಪುಸಲಾಯಿಸಿ ಅಲ್ಲಿಂದ ಒಂದು ನಡೆ ಹಾಕಿಸಿದಳು. ಇಲ್ಲಿ ಅತ್ತೆ ಎಸೆದರು, ಒಂದು ಬಿತ್ತು. ಓರೆ. ಎರಡು ಬಿತ್ತು. ಓರೆ. ಮತ್ತೆ ಒಂದು. ಓರೆ. ಬೆರಳು ಎತ್ತುವುದರೊಳಗೆ ಅದೇ ಫೋನು ಹೊಡೆದುಕೊಂಡಿತು.

"ಏನಕ್ಕಾ, ನಾಚ್ಕೆ ಇಲ್ವಾ ನಿಂಗೆ? ಫೋನ್ ಒಳಗೂ ಸೆರಗು ಆಸ್ಕೊಂಡು ಕುಂತಿದೀಯಾ?"

"ಓರೆ ಆದ್ರೆ ಓರೆ ಅನ್ನದೆ ಇನ್ನೇನನ್ಲಿ? ನಿನ್ ಕಡೆ ಕರೆಂಟು ಅಳ್ಳಾಡ್ತೈತೇನೋ ನೋಡಮ್ಮಿ."

"ಕರೆಂಟಂತೆ! ಮೂರ್ ಸಲ ಓರೆ ಆಯ್ತದಾ?"

"ಆಯ್ತದೆ. ನೀನು ಎದ್ದೋಗಿ ಎಷ್ಟ್ ದಿನ ಆಯ್ತು, ಎಲ್ಲಾ ಈಗ ಒಟ್ಗೇ ಆಯ್ತಾ ಐತೆ."

ಆ ಕಡೆಯಿಂದ ಚಿಕ್ಕತ್ತೆಯ ದನಿ, ಒಸಿ ಒದ್ದೆಯಾಗಿ: "ನೀನೇ ಕಣಕ್ಕಾ. ನಾನು ಯಾರೋ ಅಂದ್ಕೊಂಡಿದ್ದೆ." ಅತ್ತೆ ಮೂಗು ಒರೆಸಿಕೊಂಡು ನನಗೆ ಆಚೆ ಹೋಗೆಂದು ಕೈಸನ್ನೆ ಮಾಡಿದರು.

ನನ್ನ ಆಟವನ್ನು ಆಮೇಲೆ ಯಾರೂ ತೆರೆಯಲಿಲ್ಲ. ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಅಷ್ಟು ಬೇಗ ಮರೆತದ್ದಕ್ಕೆ ಬೇಜಾರಾಯಿತೇ ಎಂದರೆ, ಆಯಿತು. ಈಗ ಇದನ್ನು ಬರೆಯುತ್ತಿರುವಾಗಲೇ ಪಡಸಾಲೆಯಿಂದ ಕೂಗು ಬಂತು.

"ಮಗಾ, ಇಲ್ಲೊಸಿ ಬಾ. ನೀನೇ ಯೋಳು, ಇದು ಓರೆಯೋ ಅಲ್ವೋ."

ಹೋದೆ. ನೆಲದ ಮೇಲೆ ಮಣೆ, ಆ ಕಡೆ ಅತ್ತೆ, ಈ ಕಡೆ ಬೆಳಿಗ್ಗೆಯ ಬಸ್ಸಿಗೆ ಬಂದಿಳಿದ ಚಿಕ್ಕತ್ತೆ. ನಾನು ಕೆನ್ನೆಯನ್ನು ನೆಲಕ್ಕೆ ತಾಗಿಸಿ ಮಲಗಿ ನೋಡಿದೆ. ಕವಡೆ ನೆಟ್ಟಗೆ, ಸ್ಪಷ್ಟವಾಗಿ, ಕೋರ್ಟಿನಲ್ಲಿ ಸಾಕ್ಷಿ ಹೇಳುವಷ್ಟು ಅಂಗಾತವಾಗಿ ಮಲಗಿತ್ತು. ಇಬ್ಬರೂ ಉಸಿರು ಹಿಡಿದು ನನ್ನನ್ನೇ ನೋಡುತ್ತಿದ್ದರು. ಯಂತ್ರವಾಗಿದ್ದರೆ ಥಟ್ಟನೆ ಉತ್ತರ ಹೇಳುತ್ತಿತ್ತು.

"ನನಗೆ ಸರಿಯಾಗಿ ಕಾಣಿಸ್ತಾ ಇಲ್ಲ, ಅತ್ತೆ" ಎಂದೆ.

"ಕಾಣಕ್ಕಿಲ್ವಾ? ಇಷ್ಟ್ ದಪ್ಪ ಕವ್ಡೆ!" ಎಂದರು ಅತ್ತೆ.

"ಕಾನ್ವೆಂಟ್ನಲ್ಲಿ ಓದಿದ್ದೇ ಬಂತು" ಎಂದರು ಚಿಕ್ಕತ್ತೆ, ಅಕ್ಕನ ಕಡೆ ವಾಲಿ. ನನ್ನ ಕಣ್ಣು, ನನ್ನ ಓದು, ನನ್ನ ತವರು, ಎಲ್ಲದರ ಬಗ್ಗೆಯೂ ಇಬ್ಬರಿಗೂ ಒಮ್ಮತವಾಯಿತು. ಆಮೇಲೆ ಒಮ್ಮತ ಮುರಿದು, ಮತ್ತೆ ಕವಡೆಯ ಮೇಲೆ ಬಗ್ಗಿದರು. ರಾಮನಗರದ ಬಸ್ಸು ಹೊರಡುವ ಹೊತ್ತು ಮೀರಿತ್ತು. ಅದನ್ನು ಹೇಳುವ ಕೆಲಸ ನನ್ನದಲ್ಲ. ಒಳಗೆ ಬಂದು ಮುದ್ದೆಗೆ ಎಸರಿಟ್ಟೆ, ಒಬ್ಬರಿಗೆ ಹೆಚ್ಚಾಗಿ.