ಕೈಯೂರದೆ ಏಳುವುದು

ಕೈಯಿಲ್ಲದ ಒಂದು ಕುರ್ಚಿ ಮನುಷ್ಯರ ಮಾನವನ್ನು ಎಷ್ಟು ಸುಲಭವಾಗಿ ಕಳೆಯಬಲ್ಲದು ಎಂಬುದು ನನಗೆ ಗೊತ್ತಾದದ್ದು ಕಳೆದ ತಿಂಗಳು, ಮಣಿಪಾಲದ ಒಂದು ಫಿಸಿಯೋಥೆರಪಿ ಕೋಣೆಯಲ್ಲಿ. ಮೊಣಕಾಲು ನೋವೆಂದು ಕಾಪುವಿನಿಂದ ಬಸ್ಸು ಹತ್ತಿ ಹೋದವಳು, ಮಾತ್ರೆಯೋ ಮುಲಾಮೋ ಕೊಟ್ಟಾರು ಎಂದುಕೊಂಡಿದ್ದೆ. ಕೊಟ್ಟದ್ದು ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಕೂತು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಎಲ್ಲಿಯೂ ಊರದೆ ಎದ್ದು ನಿಲ್ಲಬೇಕು, ಮತ್ತೆ ಕೂರಬೇಕು. ಹತ್ತು ಸಲ. ಆಮೇಲೆ ಗೋಡೆಗೆ ಅಂಗೈ ಇಟ್ಟು, ಎದೆಯನ್ನು ಗೋಡೆಯ ಹತ್ತಿರ ತಂದು, ಹಿಂದಕ್ಕೆ ದೂಡಿಕೊಳ್ಳಬೇಕು. ಅದೂ ಹತ್ತು ಸಲ.

ಹೇಳಿಕೊಡುವ ಹುಡುಗಿ ಬಾಗಲಕೋಟೆ ಕಡೆಯವಳು. "ಕೈ ಊರಬ್ಯಾಡ್ರಿ ಅಮ್ಮಾರ, ತೊಡಿ ಮ್ಯಾಲ ಭಾರ ಹಾಕಿ ಏಳ್ರಿ," ಎಂದಳು. ನಾಲ್ಕನೆಯ ಸಲಕ್ಕೆ ನಾನು ಅರ್ಧ ಎದ್ದು ಕುರ್ಚಿಗೇ ವಾಪಸು ಬಿದ್ದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಮಗ್ಗಿ ತಪ್ಪಿದ ಎಷ್ಟು ಮಕ್ಕಳಿಗೆ ಐವತ್ತೈವತ್ತು ಬಸ್ಕಿ ಹೊಡೆಸಿದ್ದೇನೆಂದು ಹೇಳಲು ಈಗ ನಾಚಿಕೆ. ಅವರಲ್ಲಿ ಯಾರಾದರೂ ಆ ದಿನ ಬಾಗಿಲಲ್ಲಿ ನಿಂತು ನೋಡಿದ್ದರೆ ಅವರ ಹೊಟ್ಟೆ ತಣ್ಣಗಾಗುತ್ತಿತ್ತು.

ನಮ್ಮ ರಸ್ತೆಯ ತಿರುವಿನಲ್ಲೂ ಈಗ ಒಂದು ಜಿಮ್ ಬಂದಿದೆ. ಅಲ್ಲಿಂದ ಹೊರಬರುವ ಹುಡುಗರನ್ನು ನೋಡಿದ್ದೀರಾ? ಎದೆ ಅಂಗಿಯ ಗುಂಡಿ ಕಿತ್ತುಬರುವಷ್ಟು ಉಬ್ಬಿರುತ್ತದೆ, ಕೆಳಗೆ ನೋಡಿದರೆ ಕಾಲು ಕೋಳಿಯದು. ಕಾಲನ್ನು ಯಾರು ನೋಡುತ್ತಾರೆ ಎಂಬ ಧೈರ್ಯ ಇರಬೇಕು. ನಗುವ ಹಕ್ಕು ನನಗೂ ಇಲ್ಲ, ಏಕೆಂದರೆ ನಾಲ್ಕು ಜನ ನೋಡುವುದನ್ನೇ ನಾನೂ ಬೆಳೆಸಿಕೊಂಡು ಬಂದವಳು. ಅದನ್ನು ಹೇಳಲಿಕ್ಕೇ ಇಷ್ಟು ಪೀಠಿಕೆ.

ಮೊನ್ನೆ ಆ ಹುಡುಗಿ ನನ್ನ ತೊಡೆಯನ್ನು ಒತ್ತಿ ನೋಡಿ ಕೇಳಿದಳು, "ಮನ್ಯಾಗ ನೆಲದ ಮ್ಯಾಲ ಕೂಡ್ತೀರೇನ್ರಿ?"

"ಇಲ್ಲಮ್ಮ. ಬಿಟ್ಟು ವರ್ಷಗಳಾಯಿತು."

"ಅಲ್ಲೇ ಹೋತ್ ನೋಡ್ರಿ ಶಕ್ತಿ. ಅದಕ್ಕ ನಾವು ಎಲ್ಲಾರಿಗೂ ಹೇಳೂದು, ವಯಸ್ಸಾದವ್ರ ಕೈಯಾಗಿನ ಕೆಲಸ ಕಸ್ಕೋಬ್ಯಾಡ್ರಿ ಅಂತ."

ಅವಳು ಹೇಳಿದ್ದು ನನ್ನ ಕಾಲಿನ ವಿಷಯ. ನನಗೆ ನೆನಪಾದದ್ದು ಮಾಮಿಯ ಕಾಲು. ಮಾಮಿ ಎಂದರೆ ನನ್ನ ಅತ್ತೆ. ನಮ್ಮ ತುಳು ಮನೆಗಳಲ್ಲಿ ಗಂಡನ ತಾಯಿಯನ್ನು ಕರೆಯುವುದೇ ಹಾಗೆ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು.

ನಾನು ಮದುವೆಯಾಗಿ ಕಾಪುವಿಗೆ ಬಂದಾಗ ಮಾಮಿಗೆ ಐವತ್ತು ದಾಟಿತ್ತು. ಕುಳ್ಳಗೆ, ಗಟ್ಟಿಮುಟ್ಟು. ಬೆಳಕು ಹರಿಯುವ ಮೊದಲೇ ಅಂಗಳದ ಮಲ್ಲಿಗೆ ಗಿಡಗಳ ನಡುವೆ ಬಾಗಿ, ಕೂತು, ಎದ್ದು ಮೊಗ್ಗು ಕೊಯ್ದು ಮುಗಿಸುತ್ತಿದ್ದರು. ಆಮೇಲೆ ಕಡೆಯುವ ಕಲ್ಲಿನ ಮುಂದೆ. ಒಂದು ಕಾಲು ಮಡಚಿ, ಒಂದು ಕಾಲು ಚಾಚಿ ಕೂತು ಗುಂಡುಕಲ್ಲನ್ನು ತಿರುಗಿಸುವಾಗ ತೋಳಷ್ಟೇ ಅಲ್ಲ, ಇಡೀ ಎದೆ ಮುಂದೆ ಹೋಗಿ ಹಿಂದೆ ಬರುತ್ತಿತ್ತು. ಬಂಗುಡೆ ಮೀನಿನ ಪದಾರ್ಥದ ಮಸಾಲೆ ನುಣ್ಣಗಾದ ಮೇಲೆ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲದಿಂದ ಹಾಗೆಯೇ ಎದ್ದು ನಿಲ್ಲುವರು. ಊರಲು ಕೈಯೆಲ್ಲಿ ಖಾಲಿಯಿತ್ತು? ಮನೆಯಲ್ಲಿ ಇದ್ದ ಎರಡು ಕುರ್ಚಿಗಳು ಬಂದವರಿಗೆ ಎಂಬುದು ಅವರ ಲೆಕ್ಕ.

ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಮಾಮಿ ಬಚ್ಚಲಿನಲ್ಲಿ ಜಾರಿದರು. ಮೂಳೆ ಮುರಿಯಲಿಲ್ಲ. ಸೊಂಟ ಸ್ವಲ್ಪ ನೀಲಿಗಟ್ಟಿ ಎಂಟು ದಿನಕ್ಕೆ ವಾಸಿಯಾಯಿತು. ವಾಸಿಯಾಗದೆ ಉಳಿದದ್ದು ನನ್ನ ಹೆದರಿಕೆ. ನನ್ನ ಯಜಮಾನರು ಆಗ ಮಸ್ಕತ್ತಿನಲ್ಲಿ, ಮನೆಯಲ್ಲಿ ನಾವಿಬ್ಬರೇ. ಒಂದೊಂದಾಗಿ ಎಲ್ಲವನ್ನೂ ಅವರ ಕೈಯಿಂದ ತೆಗೆದೆ. ಕಡೆಯುವ ಕಲ್ಲಿನ ಮೇಲೆ ಗ್ರೈಂಡರಿನ ಪೆಟ್ಟಿಗೆ ಕೂತಿತು. ಎತ್ತರದ ಮಂಚ ಬಂತು, ಕೈಯಿರುವ ಮೆತ್ತನೆಯ ಕುರ್ಚಿ ಬಂತು. ಮಲ್ಲಿಗೆ ಕೊಯ್ಯಲು ಪಕ್ಕದ ಮನೆಯ ಲಿಲ್ಲಿ ಬಾಯಿಗೆ ಹೇಳಿದೆ. ನೀರಿನ ಲೋಟ ಕೂಡ ಕೈಗೆಟಕುವಲ್ಲಿಟ್ಟೇ ಶಾಲೆಗೆ ಹೋಗುತ್ತಿದ್ದೆ.

ಹೆದರಿಕೆ ಮಾತ್ರ ಎಂದರೆ ಸುಳ್ಳಾಗುತ್ತದೆ. ಕಾರ್ಕಳದಲ್ಲೊಂದು ಮದುವೆ. ಊಟದ ಸಾಲಿನಲ್ಲಿ ಹಿರಿಯ ಸಂಬಂಧಿಕರೊಬ್ಬರು ನಾಲ್ಕು ಜನರಿಗೆ ಕೇಳುವಂತೆ, "ಸೊಸೆ ಅಂದ್ರೆ ಇವಳು ಮಾರಾಯ್ತಿ! ಅತ್ತೆಗೆ ಒಂದು ಚಮಚ ತೊಳೆಯಲಿಕ್ಕೆ ಬಿಡುವುದಿಲ್ಲ," ಎಂದರು. ಆ ದಿನ ನಾನು ಏನು ಉಂಡೆನೆಂದು ನೆನಪಿಲ್ಲ. ಆ ಮಾತನ್ನು ಮಾತ್ರ ಬಸ್ಸಿನುದ್ದಕ್ಕೂ ಚಪ್ಪರಿಸಿಕೊಂಡು ಬಂದೆ.

ಅದಾದ ಮೇಲೆ ಒಂದು ಭಾನುವಾರ ಹಿತ್ತಿಲಿಗೆ ಹೋದರೆ ಮಾಮಿ ಕುಕ್ಕರಗಾಲಿನಲ್ಲಿ ಕೂತು ಕತ್ತಿಯಿಂದ ತೆಂಗಿನ ಗರಿ ಸೀಳಿ ಹಿಡಿಸೂಡಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದಾರೆ. ಬೇಲಿಯಾಚೆ ನಿಂತು ಲಿಲ್ಲಿ ಬಾಯಿ ಮಾತಾಡುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

"ಎಂತ ಮಾಮಿ ಇದು? ಬಿದ್ದರೆ ಯಾರು ನೋಡುದು? ಜನ ನನ್ನನ್ನು ಎಂತ ಹೇಳಿಯಾರು?"

"ಬೀಳುದಿಲ್ಲ ಮಗಾ. ನನಗೆ ಕೈಕಾಲು ಉಂಟಲ್ಲ."

ನಾನು ಕತ್ತಿ ಕಸಿದುಕೊಂಡೆ. ಲಿಲ್ಲಿ ಬಾಯಿಯ ಎದುರೇ ಅವರ ರಟ್ಟೆ ಹಿಡಿದು ಎಬ್ಬಿಸಿ, ಕರೆತಂದು ಕುರ್ಚಿಯಲ್ಲಿ ಕೂರಿಸಿದೆ. ಜನ ನನ್ನನ್ನು ಏನು ಹೇಳಿಯಾರು ಎಂದು ನಾನು ಕೇಳಿದ್ದನ್ನು ನೀವು ಗಮನಿಸಿದಿರಲ್ಲ? ನನಗೆ ಅದನ್ನು ಗಮನಿಸಲು ಇಷ್ಟು ವರ್ಷ ಬೇಕಾಯಿತು. ಆಮೇಲೆ ಮಾಮಿ ನನ್ನ ಕಣ್ಣೆದುರು ನೆಲದಲ್ಲಿ ಕೂರಲೇ ಇಲ್ಲ.

ಮರುವರ್ಷದ ಜೂನಿನಲ್ಲಿ, ಒಂದು ಬೆಳಿಗ್ಗೆ, ಮಾಮಿಗೆ ಮಂಚದಿಂದ ಏಳಲಾಗಲಿಲ್ಲ. ನಾನು ಎಬ್ಬಿಸಿದೆ. ಮರುದಿನವೂ ಎಬ್ಬಿಸಬೇಕಾಯಿತು. ಡಾಕ್ಟರು ತೊಡೆಯಲ್ಲಿ ಮಾಂಸವೇ ಉಳಿದಿಲ್ಲವೆಂದು ಹೇಳಿ, ವ್ಯಾಯಾಮದ ಚಿತ್ರಗಳಿರುವ ಒಂದು ಕಾಗದ ಕೊಟ್ಟರು. ಕುರ್ಚಿಯಿಂದ ಏಳುವುದು, ಗೋಡೆ ದೂಡುವುದು. ಹೌದು, ಈಗ ನಾನು ಮಾಡುತ್ತಿರುವವೇ. ಮೊದಲ ದಿನ ಮಾಮಿ ಎರಡು ಸಲ ಎದ್ದರು. ಎರಡನೆಯ ದಿನ ಮೂರನೆಯ ಸಲಕ್ಕೆ ತೊಡೆ ಗಡಗಡ ನಡುಗಿತು, ಕಣ್ಣಲ್ಲಿ ನೀರು ಬಂತು. ನನಗೆ ನೋಡಲಾಗಲಿಲ್ಲ.

"ಬಿಡಿ ಮಾಮಿ, ಈ ಪ್ರಾಯದಲ್ಲಿ ಈ ಹಿಂಸೆ ಎಂತಕ್ಕೆ? ನಾನಿಲ್ವಾ?"

"ಇನ್ನೊಂದು ಸಲ ನೋಡ್ತೇನೆ ಮಗಾ."

"ಬೇಡ," ಎಂದೆ. ಕಾಗದವನ್ನು ಮಡಚಿ ಕಪಾಟಿನಲ್ಲಿಟ್ಟೆ. ಆಮೇಲಿನ ಮೂರು ವರ್ಷ ಅವರ ಕಾಲಿಗೆ ಎಣ್ಣೆ ತಿಕ್ಕಿದವಳೂ ನಾನೇ. ದಿನದಿಂದ ದಿನಕ್ಕೆ ನನ್ನ ಅಂಗೈಯಲ್ಲಿ ಅವು ಸಣ್ಣಗಾದವು. ನೋಡಬಂದವರೆಲ್ಲ ನನ್ನನ್ನು ಹೊಗಳಿಯೇ ಹೋದರು.

ನಿನ್ನೆ ಕಾರ್ಕಳದಿಂದ ವಸಂತಿಯ ಫೋನು ಬಂತು. ವಸಂತಿ ಮಾಮಿಯ ಮಗಳು, ನನ್ನ ನಾದಿನಿ. ಅವಳ ಅತ್ತೆ ಕಳೆದ ವಾರ ಜಗಲಿಯಲ್ಲಿ ಬಿದ್ದರಂತೆ, ಹೆಚ್ಚೇನೂ ಆಗಿಲ್ಲವಂತೆ. "ಅಮ್ಮನನ್ನು ಅಷ್ಟು ಚಂದ ನೋಡಿಕೊಂಡವರು ನೀವು ಅತ್ತಿಗೆ. ಎಂಥ ಕುರ್ಚಿ ತೆಗೊಳ್ಳುದು, ಹೇಳಿ," ಎಂದಳು.

ಯಾವುದೋ ಒಂದು ಕುರ್ಚಿ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಬದಲಿಗೆ, "ಕುರ್ಚಿ ಬೇಡ ವಸಂತಿ. ಅವರು ಮಾಡುತ್ತಿದ್ದ ಕೆಲಸ ಅವರೇ ಮಾಡಲಿ, ನೀನು ಪಕ್ಕದಲ್ಲಿ ನಿಂತುಕೋ. ನಾನು ನಿನ್ನ ಅಮ್ಮನನ್ನು ಚಂದ ನೋಡಿಕೊಳ್ಳಲಿಲ್ಲ. ಅವರ ಕಾಲು ಹೋದದ್ದು ನನ್ನಿಂದ," ಎಂದೆ.

ವಸಂತಿ ಮೆಲ್ಲಗೆ ಹೇಳಿದಳು, "ನಿಮಗೆ ಹೇಳ್ಬಾರ್ದು ಅಂತ ಅಮ್ಮ ಆಣೆ ಹಾಕಿದ್ರು ಅತ್ತಿಗೆ, ನಿಮಗೆ ಬೇಜಾರಾಗ್ತದೆ ಅಂತ. ಬಚ್ಚಲಲ್ಲಿ ಬಿದ್ದ ವರ್ಷ, ನೀವು ಶಾಲೆಗೆ ಹೋದ ಮೇಲೆ ಕಿಟಕಿಯ ಸರಳು ಹಿಡಿದು ಕೂತು ಏಳ್ತಿದ್ರು. ನಾನು ಫೋನ್ ಮಾಡಿದ್ರೆ 'ಇವತ್ತು ಹದಿನೈದಾಯ್ತು' ಅಂತ ಖುಷಿಯಲ್ಲಿ ಹೇಳ್ತಿದ್ರು."

"ಮತ್ತೆ ಯಾಕೆ ಬಿಟ್ಟರು?"

"ಬೇಸಿಗೆ ರಜೆ ಬಂತಲ್ಲ. ಜೂನಿಗೆ ಶಾಲೆ ಶುರುವಾಗುವಷ್ಟರಲ್ಲಿ ಅವರಿಗೆ ಏಳ್ಲಿಕ್ಕೇ ಆಗ್ತಿರ್ಲಿಲ್ಲ."

ಆ ರಜೆ ನನಗೆ ಚೆನ್ನಾಗಿ ನೆನಪಿದೆ. ಮಾಮಿಯನ್ನು ಒಂದು ಗಳಿಗೆಯೂ ಒಬ್ಬರನ್ನೇ ಬಿಡಬಾರದೆಂದು, ಪೆರ್ಡೂರಿನ ತವರಿಗೂ ಹೋಗದೆ, ಅಷ್ಟೂ ದಿನ ನಾನು ಅವರ ಪಕ್ಕದಲ್ಲೇ ಕೂತಿದ್ದೆ.